ಬ್ಯಾಂಕು ಕೊಟ್ಟ ಕೊನೆಯ ಸಾಲ

"ಇವತ್ತು ಕತ್ತಲಾಗೋವರೆಗೂ ಈ ಹೊಸ್ತಿಲಿಂದ ಏನೂ ಆಚೆ ಕೊಡ್ಬೇಡಿ. ಯಾರೇ ಕೇಳ್ಲಿ. ಒಂದು ಬೆಂಕಿಕಡ್ಡಿ ಕೇಳಿದ್ರೂ ಇಲ್ಲ ಅನ್ನಿ," ಎಂದಳು ಲವೀನಾ, ಸೊಂಟದ ನೀಲಿ ಏಪ್ರನ್‌ಗೆ ಕೈ ಒರೆಸುತ್ತ.

ಹಾಲ್ಡೇನ್ ಮೀಸೆಯಡಿಯಲ್ಲೇ ನಕ್ಕ. ಮುಳುಗಿದ ಬ್ಯಾಂಕಿಗೆ ಬೀಗ ಜಡಿದು, ಅಳಿದುಳಿದದ್ದನ್ನು ಹರಾಜು ಹಾಕಲು ಸರ್ಕಾರ ಕಳಿಸಿದ ಅಧಿಕಾರಿ ಅವನು. ಪೆನ್ಸಿಲ್ವೇನಿಯಾದ ಗುಡ್ಡಗಳ ಸಂದಿಯ ನಮ್ಮೂರಿಗೆ ಬಂದು ವಾರವೂ ಆಗಿರಲಿಲ್ಲ.

"ಏನೂ ಆಚೆ ಕೊಡದ ಬ್ಯಾಂಕು! ಅದಕ್ಕೇ ಅಲ್ವೇನಮ್ಮಾ ನನ್ನನ್ನ ಕಳಿಸಿರೋದು?"

ಲವೀನಾ ನಗಲಿಲ್ಲ. ಅವಳ ಅಪ್ಪ, ಬ್ಯಾಂಕಿನ ಯಜಮಾನ ಟಿಲ್ಮನ್ ಕ್ನೆಪ್, ಬ್ಯಾಂಕಿನ ಮಹಡಿಯ ಮೇಲೆ ತನ್ನ ಮನೆಯಲ್ಲೇ ಕಾಯಿಲೆಬಿದ್ದು ಮಲಗಿದ್ದ. ಬ್ಯಾಂಕು ಮುಚ್ಚಿದ ದಿನದಿಂದ ಅವನ ಮೈಯೊಳಗಿನ ಉಪ್ಪು ಇಳಿದುಹೋಗುತ್ತಿತ್ತು. ಬೆವರಿದರೆ ಬರೀ ನೀರು. ಅತ್ತರೂ ಬರೀ ನೀರು. ಉಪ್ಪು ಹಚ್ಚದ ಮಾಂಸಕ್ಕೆ ಏನಾಗುತ್ತದೋ ಅವನಿಗೂ ಅದೇ ಆಗುತ್ತಿತ್ತು. ಕೋಣೆಯ ತುಂಬ ಸಿಹಿಸಿಹಿಯಾದ ಕೊಳೆತ ವಾಸನೆ. ಗುಡ್ಡದ ಮೇಲಿನ ಮಂತ್ರದ ಮುದುಕ ಬಂದು, ಅಡುಗೆಮನೆಯ ಒಲೆಯ ಮೇಲೆ ಸೂಜಿಗಳನ್ನು ಕುದಿಯಲಿಟ್ಟು ಹೇಳಿಹೋಗಿದ್ದ: ಮಾಟ ಮಾಡಿದವರ ಕರುಳಿಗೆ ಈ ಸೂಜಿ ಚುಚ್ಚುತ್ತದೆ. ತಾಳಲಾರದೆ ಅವರೇ ಏನಾದರೂ ಕಡ ಕೇಳಲು ಬರುತ್ತಾರೆ. ಬರಿಗೈಯಲ್ಲಿ ಕಳಿಸಿದಿರೋ, ಮಾಟ ಮಾಡಿದವರಿಗೇ ತಿರುಗುತ್ತದೆ. ಕೊಟ್ಟಿರೋ, ಕೆಟ್ಟಿರಿ.

"ಈ ಸಂಜೆ ದಾಟಿದ್ರೆ ಅಪ್ಪ ಉಳೀತಾರೆ ಸಾಹೇಬ್ರೇ. ಬೀಗದಕೈ ನಿಮ್ಮ ಹತ್ರ ಇದೆ. ಈ ಮನೆಗೆ ಯಜಮಾನರು ಈಗ ನೀವೇ. ಅದಕ್ಕೇ ಬೇಡ್ಕೋತಿದೀನಿ."

"ಆಯ್ತಮ್ಮಾ, ಆಯ್ತು," ಎಂದು ಅವನು ಮುಂಭಾಗದ ಹಣದ ಗಲ್ಲೆಯ ಕಡೆ ನಡೆದ.

ಚಳಿ ಶುರುವಾಗಿತ್ತು, ಮಾಂಸಕ್ಕೆ ಉಪ್ಪು ಹಚ್ಚಿಡಲು ಹಂದಿ ಕಡಿಯುವ ಕಾಲ. ಸುಟ್ಟ ಕೂದಲಿನ, ಸೇಬುಕಟ್ಟಿಗೆಯ ಹೊಗೆಯ ವಾಸನೆಯನ್ನು ಕೋಟಿನಲ್ಲೇ ಹೊತ್ತು ಜನ ಬಾಗಿಲಲ್ಲಿ ನಿಂತಿದ್ದರು. ಕಟುಕ ಅಮಾಂಡಸ್ ಕಬ್ಬಿಣದ ಸರಳಿಗೆ ಮೂಗು ಒತ್ತಿದ.

"ಏನ್ ಸಾಹೇಬ್ರೇ, ನಮ್ಮ ದುಡ್ಡು ಒಳಗೆ ಬೆಚ್ಚಗೆ ಮಲಗಿದ್ಯೋ? ಎಬ್ಬಿಸ್ಬೇಡಿ ಪಾಪ, ಒಂದು ಕಂಬಳಿ ಹೊದಿಸಿ!"

ಜನ ನಕ್ಕರು. ಆ ನಗೆಯಲ್ಲಿ ಹಲ್ಲಿತ್ತು. ಹಾಲ್ಡೇನ್ ದಿನವಿಡೀ ಎಲ್ಲರಿಗೂ ಒಂದೇ ಮಾತು ಹೇಳಿದ: "ಬಾಗಿಲು ಮುಚ್ಚಿದೆ. ಇದ್ದಿದ್ರೆ ಕೊಡ್ತಿದ್ದೆ. ಸರತಿಯಲ್ಲಿ ನಿಂತಿರಿ, ಕೂಗ್ತೀನಿ." ಗಂಡನ ಗೋರಿಗೆ ಕಲ್ಲು ನಿಲ್ಲಿಸಲು ಮೊಟ್ಟೆ ಮಾರಿ ಇದೇ ಬ್ಯಾಂಕಿನಲ್ಲಿ ಕಾಸು ಕೂಡಿಟ್ಟಿದ್ದ ಮುದುಕಿ ಸವಿಲ್ಲಾಗೂ ಅದನ್ನೇ ಹೇಳಿದ. ಅವಳು ಹೊಟ್ಟೆ ಒತ್ತಿಹಿಡಿದುಕೊಂಡು, ಆ ಮಾತನ್ನು ಬಾಯಿಪಾಠ ಮಾಡುವವಳಂತೆ ತುಟಿ ಆಡಿಸಿ ಹೋದಳು.

ಸಂಜೆ. ಲವೀನಾ ಅಪ್ಪನ ಬಳಿ ಮೇಲಿದ್ದಳು. ಬ್ಯಾಂಕಿನ ಹಿಂದಿನ ಅಡುಗೆಮನೆಯಲ್ಲಿ ಹಾಲ್ಡೇನ್ ಒಬ್ಬನೇ, ಅವಳು ಬಡಿಸಿಟ್ಟ ಕೋಳಿಸಾರಿನ ಮುಂದೆ. ಒಲೆಯ ಮೇಲೆ ಸೂಜಿಗಳು ಮಡಕೆಯ ಗೋಡೆಗೆ ಟಿಕ್ ಟಿಕ್ ಎಂದು ಬಡಿಯುತ್ತಿದ್ದವು.

ಹಿಂಬಾಗಿಲು ತಟ್ಟಿದ ಸದ್ದು.

ಸವಿಲ್ಲಾ. ನಡು ಬಾಗಿ ಹಣೆ ಮಂಡಿಗೆ ತಾಗುವಂತಿತ್ತು.

"ಹಂದಿ ಕಡಿಸಿದೀನಪ್ಪಾ. ಉಪ್ಪಿಗೆ ಕಾಸಿಲ್ಲ. ಬೆಳಗಾದ್ರೆ ಮಾಂಸ ಹಳಸುತ್ತೆ. ಒಂದು ಬಟ್ಟಲು ಕೊಡು ಮಗಾ, ಒಂದು ತೊಡೆಯಾದ್ರೂ ಉಳಿಯುತ್ತೆ. ವಾಪಸ್ ತಂದ್ಕೊಡ್ತೀನಿ."

ಅವನಿಗೆ ಲವೀನಾಳ ಮಾತು ನೆನಪಾಗದೆ ಇರಲಿಲ್ಲ. ಆದರೆ ದಿನವಿಡೀ ಇಲ್ಲ ಇಲ್ಲ ಎಂದು ನಾಲಿಗೆ ಕಹಿಯಾಗಿತ್ತು. ಓದಿದವನು, ಸೂಜಿಯ ಕಷಾಯಕ್ಕೆ ಹೆದರಿ ಮುದುಕಿಯನ್ನು ಅಟ್ಟುವುದೇ? ಜಾಡಿಯಿಂದ ಬಟ್ಟಲು ತುಂಬಿದ.

"ತಗೋ ಅಜ್ಜಿ. ಈ ಬ್ಯಾಂಕು ಕೊಡೋ ಕೊನೇ ಸಾಲ ಇದು. ಬಡ್ಡಿ ಇಲ್ಲ, ಹೋಗು!"

"ಹೊಸ್ತಿಲು ದಾಟಿಸಿ ಕೊಡು."

ದಾಟಿಸಿದ.

ಮುದುಕಿಯ ಬೆನ್ನು ನೆಟ್ಟಗಾಯಿತು. ಹುಡುಗಿಯಂತೆ ಸರಸರ ನಡೆದು ಮಬ್ಬಿನಲ್ಲಿ ಕರಗಿದಳು. ಹಿಂದೆ ಟಿಕ್ ಟಿಕ್ ನಿಂತಿತ್ತು. ಒಲೆ ಉರಿಯುತ್ತಲೇ ಇತ್ತು. ನೀರು ಮಾತ್ರ ಕುದಿಯುತ್ತಿರಲಿಲ್ಲ.

ಮೇಲಿನಿಂದ ಒಂದೇ ಒಂದು ಕೂಗು. "ಅಪ್ಪಾ!"

ಬಹಳ ಹೊತ್ತಾದ ಮೇಲೆ ಲವೀನಾ ಮೆಟ್ಟಿಲಿಳಿದು ಬಂದಳು. ಸೊಂಟದಲ್ಲಿದ್ದ ನೀಲಿ ಏಪ್ರನ್ ಇರಲಿಲ್ಲ.

"ಅಪ್ಪ ಹೋದ್ರು. ಬಾಯಿ ತೆರೀದ ಹಾಗೆ ಏಪ್ರನ್ನಿಂದ ಗಲ್ಲ ಕಟ್ಟಿ ಬಂದೆ," ಎಂದಳು. ತೆರೆದ ಜಾಡಿಯತ್ತ ನೋಡಿದಳು. "ಏನು ಕೊಟ್ರಿ?"

"ಉಪ್ಪು... ಬರೀ ಒಂದು ಬಟ್ಟಲು ಉಪ್ಪು."

"ಅಯ್ಯೋ ಪುಣ್ಯಾತ್ಮಾ! ಈ ಮನೆ ಯಜಮಾನ ಈಗ ಯಾರು? ಅದು ಯಾರ ಉಪ್ಪು ಅಂದ್ಕೊಂಡ್ರಿ?"

ಅವನು ನಗಲು ನೋಡಿದ. ಬಾಯಿ ಒಣಗಿತ್ತು. ಸಾರು ಗುಟುಕರಿಸಿದ. ಸಪ್ಪೆ. ಜಾಡಿಗೆ ಕೈಹಾಕಿ ಉಪ್ಪು ಮುಕ್ಕಿದ. ಮರಳು. ತುಟಿ ಕಚ್ಚಿದ. ರಕ್ತ ಬಂತು, ನೀರಿನಂತೆ. ಅಂಗಿಯ ತೋಳಿನಿಂದ ಮೆಲ್ಲಗೆ ಒಂದು ವಾಸನೆ ಎದ್ದಿತು. ಸಿಹಿಸಿಹಿ.

ಓಡಿದ. ಚರ್ಚು ದಾಟಿದ. ಕಲ್ಲಿಲ್ಲದ ಗೋರಿಯನ್ನು ಎಡವಿದ. ಎದ್ದ. ನೊಣಗಳು. ಈ ಚಳಿಯಲ್ಲಿ ನೊಣ! ಕಿವಿಯ ಬಳಿ, ಕತ್ತಿನ ಬಳಿ. ಓಣಿಯ ಕೊನೆಯಲ್ಲಿ ಸವಿಲ್ಲಾಳ ಕಿಟಕಿ. ಒಳಗೆ ಮಾಂಸಕ್ಕೆ ಉಪ್ಪು ತಿಕ್ಕುವ ಸದ್ದು. ಗರ. ಗರ. ಗರ. ಪ್ರತಿ ತಿಕ್ಕಿಗೂ ಅವನ ಚರ್ಮ ಸಡಿಲವಾಯಿತು.

"ಅಜ್ಜೀ! ವಾಪಸ್ ಕೊಡು! ನಿನ್ನ ದುಡ್ಡು ನಾನು ಕೊಡ್ತೀನಿ, ನನ್ನ ಕೈಯಿಂದ ಕೊಡ್ತೀನಿ!"

ಸದ್ದು ನಿಂತಿತು.

"ಬಾಗಿಲು ಮುಚ್ಚಿದೆ ಸಾಹೇಬ್ರೇ," ಎಂದಿತು ಒಳಗಿನ ದನಿ, ಸಮಾಧಾನವಾಗಿ. "ಇದ್ದಿದ್ರೆ ಕೊಡ್ತಿದ್ದೆ. ಸರತಿಯಲ್ಲಿ ನಿಂತಿರಿ, ಕೂಗ್ತೀನಿ."

ಸರತಿ?

ಆಗ ಕಂಡಿತು. ಬಾಗಿಲ ಪಕ್ಕದ ಕತ್ತಲಲ್ಲಿ ಅವನಿಗಿಂತ ಮೊದಲೇ ಒಬ್ಬರು ಬಂದು ನಿಂತಿದ್ದರು. ರಾತ್ರಿಯ ನಿಲುವಂಗಿ. ಮುಚ್ಚಿದ ಕಣ್ಣು. ಗಲ್ಲಕ್ಕೆ ಬಿಗಿದ ನೀಲಿ ಏಪ್ರನ್.

ಟಿಲ್ಮನ್ ಕ್ನೆಪ್ ಒಂದು ಹೆಜ್ಜೆ ಮುಂದೆ ಸರಿದು, ಹಿಂದೆ ನಿಲ್ಲಲು ಜಾಗ ಬಿಟ್ಟ.