ಅಂಜಿನಮ್ಮ ಮುಟ್ಟಿದರೆ ಹತ್ತುವ ಯಂತ್ರ

ದ್ವಾರಕಾನಾಥರು ಗುಂಡಿ ಒತ್ತಿದರು. ಪೆಟ್ಟಿಗೆಯೊಳಗಿನ ಫ್ಯಾನು ಒಮ್ಮೆ ಮಿಸುಕಿ ನಿಂತುಬಿಟ್ಟಿತು. ಪರದೆಯ ಮೇಲೆ ಒಂದೇ ಒಂದು ಹಸಿರು ಅಕ್ಷರವೂ ಮೂಡಲಿಲ್ಲ.

ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ — ಒಂದು ಮಿಸುಕಾಟ, ಆಮೇಲೆ ಮೌನ.

“ನಿನ್ನೆ ಸಂಜೆ ಚೆನ್ನಾಗಿತ್ತಲ್ರೀ?”

“ಚೆನ್ನಾಗಿತ್ತು ಸಾರ್. ನಾನೇ ಆಫ್ ಮಾಡಿ ಹೋದೆ,” ಎಂದಳು ಪಂಕಜಾ. ಯಂತ್ರವನ್ನು ಪರೀಕ್ಷಿಸಿ ‘ಸರಿಯಿದೆ’ ಎಂದು ಸಹಿ ಹಾಕಬೇಕಾದ ಎಂಜಿನಿಯರ್ ಅವಳೇ.

ಅದು ೧೯೮೬ರ ಬೇಸಿಗೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಆಗಿನ್ನೂ ಕಟ್ಟಡಗಳಿಗಿಂತ ನೀಲಗಿರಿ ಮರಗಳೇ ಹೆಚ್ಚು. ಸರ್ಕಾರಿ ಕಾರ್ಖಾನೆಯ ಭದ್ರ ನೌಕರಿ ಬಿಟ್ಟು ಬಂದ ದ್ವಾರಕಾನಾಥರು ಅಲ್ಲೊಂದು ಶೀಟಿನ ಶೆಡ್ಡಿನಲ್ಲಿ ಕಂಪ್ಯೂಟರ್ ಕಟ್ಟಲು ಹೊರಟಿದ್ದರು. ಪೂರ್ತಿ ಅಲ್ಲೇ ಕಟ್ಟಿದ ಮೊದಲ ಯಂತ್ರ ಇದು. ಸೋಮವಾರ ಪೂಜೆ ಮಾಡಿ, ಮುಚ್ಚಳದ ನೆತ್ತಿಗೆ ‘ಕಾವೇರಿ’ ಎಂದು ಕೆತ್ತಿಸಿದ ಹಿತ್ತಾಳೆ ಫಲಕ ಕೂರಿಸಿ, ಕಾಯಿ ಒಡೆದದ್ದೂ ಆಗಿತ್ತು. ಶುಕ್ರವಾರ ಒಂದು ಸಕ್ಕರೆ ಕಾರ್ಖಾನೆಯವರು ಬಂದು ನೋಡುವವರಿದ್ದರು. ಒಪ್ಪಿದರೆ ಶೆಡ್ಡು ಉಳಿಯುತ್ತದೆ; ಇಲ್ಲದಿದ್ದರೆ ಎಲ್ಲರೂ ಬೇರೆ ಕೆಲಸ ಹುಡುಕಬೇಕು.

ಈಗ ಮಂಗಳವಾರ ಬೆಳಿಗ್ಗೆ, ಕಾವೇರಿ ಏಳುತ್ತಿಲ್ಲ.

ಉತ್ಪಾದನೆಯ ಮೇಲ್ವಿಚಾರಕ ರಾಮಪ್ರಸಾದ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದ. ಒಂದೊಂದೇ ತಂತಿ ಎಳೆದು ನೋಡಿದ. ಎಲ್ಲ ಸರಿ. ಗುಂಡಿ ಒತ್ತಿದ. ಯಂತ್ರ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡಿತು! ಮುಚ್ಚಿ ಇಟ್ಟರು. ಊಟದ ಹೊತ್ತಿಗೆ ಮತ್ತೆ ಕೈಕೊಟ್ಟಿತು.

ಆಗಲೇ ಅಂಜಿನಮ್ಮ ಬಂದದ್ದು. ಸಿಂಗಸಂದ್ರದ ಹುಡುಗಿ, ಐ.ಟಿ.ಐ. ಮುಗಿಸಿ ಬೆಸುಗೆ ಕೆಲಸಕ್ಕೆ ಸೇರಿದ್ದಳು. “ನಾನೊಂದ್ಸಲ ನೋಡ್ಲಾ ಸಾರ್?” ಎನ್ನುತ್ತ ಎಡಗೈಯಲ್ಲಿ ಮುಚ್ಚಳದ ಅಂಚು ಹಿಡಿದು, ಬಲಗೈಯಿಂದ ಗುಂಡಿ ಒತ್ತಿದಳು. ಹತ್ತಿತು. ಅವಳು ಆರಿಸಿದಳು. ರಾಮಪ್ರಸಾದ ಒತ್ತಿದ — ಇಲ್ಲ. ಅವಳು ಒತ್ತಿದಳು — ಹತ್ತಿತು.

ಎಲ್ಲರೂ ನಕ್ಕರು. ರಾಮಪ್ರಸಾದ ನಗಲಿಲ್ಲ.

ಸಂಜೆ ದ್ವಾರಕಾನಾಥರ ಕೋಣೆಯಲ್ಲಿ ಅವನು ದನಿ ತಗ್ಗಿಸಿ ಹೇಳಿದ: “ಸಾರ್, ಅವಳು ಮುಟ್ಟಿದ್ರೆ ಮಾತ್ರ ಹತ್ತುತ್ತೆ ಅಂದ್ರೆ ಏನರ್ಥ? ಏನೋ ಕೈಚಳಕ ಮಾಡಿದ್ದಾಳೆ. ಈ ಶೆಡ್ಡು ನಿಂತಿರೋದು ಅವರ ತಾತನ ರಾಗಿ ಹೊಲದ ಮೇಲೆ. ಹೊಲ ಹೋದ ಸಿಟ್ಟು ಮನೆಯಲ್ಲಿ ಇರಲ್ವಾ?”

“ಛೆ, ಆ ಹುಡುಗಿನಾ?”

“ಮತ್ತಿನ್ಯಾರು ಸಾರ್?”

ದ್ವಾರಕಾನಾಥರು ಬಾಗಿಲ ಬಳಿ ನಿಂತಿದ್ದ ಪಂಕಜಾಳ ಕಡೆ ತಿರುಗಿದರು. “ನೀವೇನಂತೀರಿ? ನಿಮ್ಮ ಪಕ್ಕದ ಮೇಜು ಅವಳದ್ದು.”

ಪಂಕಜಾಳಿಗೆ ಅಂಜಿನಮ್ಮನ ಮೇಲೆ ಅನುಮಾನವಿರಲಿಲ್ಲ. ಆದರೆ ಆ ವಿಚಿತ್ರಕ್ಕೆ ಬೇರೆ ವಿವರಣೆಯೂ ಇರಲಿಲ್ಲ. “ಗೊತ್ತಿಲ್ಲ ಸಾರ್,” ಎಂದುಬಿಟ್ಟಳು.

ಆ ಮಾತಿಗೇ ಕಾದಿದ್ದವರಂತೆ ದ್ವಾರಕಾನಾಥರು ಎದ್ದರು. ಎಲ್ಲರೆದುರಿಗೇ ಅಂಜಿನಮ್ಮನಿಗೆ ಹೇಳಿದರು: “ನಿಜ ಗೊತ್ತಾಗೋವರೆಗೂ ನೀನು ಒಳಗೆ ಬರೋದು ಬೇಡಮ್ಮ.”

ಅವಳು ಜಗಳವಾಡಲಿಲ್ಲ, ಅಳಲೂ ಇಲ್ಲ. ಪಂಕಜಾಳ ಮುಖವನ್ನೊಮ್ಮೆ ನೋಡಿದಳು. ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ಬುಧವಾರ ರಾಮಪ್ರಸಾದ ಮುಚ್ಚಳ ತೆಗೆದಿಟ್ಟು, ಇಡೀ ದಿನ ಯಂತ್ರದ ಮುಂದೆ ಕಾವಲು ಕೂತ. ಎಷ್ಟು ಸಲ ಆರಿಸಿ ಒತ್ತಿದರೂ ಹತ್ತಿತು.

“ನೋಡಿದ್ರಾ ಸಾರ್? ಅವಳು ಹೋದ್ಲು, ರೋಗವೂ ಹೋಯ್ತು!”

ಗುರುವಾರ ಬೆಳಿಗ್ಗೆ, ನಾಳೆ ಬರುವವರಿಗಾಗಿ ಯಂತ್ರವನ್ನು ಒರೆಸಿ, ಮುಚ್ಚಿ, ಸಿಂಗರಿಸಿ ಇಟ್ಟರು. ದ್ವಾರಕಾನಾಥರು ಗುಂಡಿ ಒತ್ತಿದರು.

ಫ್ಯಾನು ಮಿಸುಕಿತು. ನಿಂತಿತು.

ಪಂಕಜಾ ಯಾರನ್ನೂ ಕೇಳದೆ ಫೋನಿನ ಬಳಿಗೆ ಹೋದಳು.

*

ಸತ್ಯವತಿಯವರು ಮಹದೇವಪುರದಿಂದ ಎರಡು ಬಸ್ಸು ಬದಲಿಸಿ ಮಧ್ಯಾಹ್ನದ ಬಿಸಿಲಲ್ಲಿ ಬಂದಿಳಿದರು. ಸರ್ಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. ಪಂಕಜಾ ಕೆಲಸ ಕಲಿತದ್ದು ಅವರ ಕೈಕೆಳಗೆ; ನಡೆದದ್ದನ್ನೆಲ್ಲ ಫೋನಿನಲ್ಲೇ ಹೇಳಿದ್ದಳು. ಕೆಟ್ಟ ಯಂತ್ರದ ಮುಂದೆ ಅವರು ಮೊದಲು ಮನುಷ್ಯರನ್ನು ಪ್ರಶ್ನಿಸುತ್ತಾರೆ ಎಂಬುದು ಅಲ್ಲಿ ಎಲ್ಲರಿಗೂ ತಿಳಿದ ಮಾತು.

“ಬೆಸುಗೆ ಹುಡುಗಿ ಎಲ್ಲಿ?” ಕೂರುವ ಮೊದಲೇ ಕೇಳಿದರು.

“ಮನೆಗೆ ಕಳಿಸಿದ್ದೀವಿ,” ಎಂದರು ದ್ವಾರಕಾನಾಥರು.

“ಕರೆಸಿ. ಆರೋಪ ಹೊತ್ತವಳು ಎದುರಿಗಿಲ್ಲದೆ ನಾನು ತನಿಖೆ ಮಾಡಲ್ಲ.”

ಕರೆಯಲು ಹೋದವಳು ಪಂಕಜಾ. ದಾರಿಯುದ್ದಕ್ಕೂ ಅಂಜಿನಮ್ಮ ಅವಳಿಗಿಂತ ನಾಲ್ಕು ಹೆಜ್ಜೆ ಮುಂದೇ ನಡೆದಳು.

ಎಲ್ಲರೂ ಯಂತ್ರದ ಸುತ್ತ ನಿಂತ ಮೇಲೆ ಸತ್ಯವತಿಯವರು ಗುಂಡಿ ಒತ್ತಿದರು. ಕಿವಿಯನ್ನು ಪೆಟ್ಟಿಗೆಯ ಹತ್ತಿರ ತಂದು, ಇನ್ನೊಮ್ಮೆ ಒತ್ತಿದರು.

“ರಾಮಪ್ರಸಾದ್, ಫ್ಯಾನು ಪ್ರತಿ ಸಲವೂ ಹೀಗೇ ಮಿಸುಕುತ್ತಾ?”

“ಹೌದು ಮೇಡಂ.”

“ಯಾರಾದರೂ ತಂತಿ ಕತ್ತರಿಸಿದ್ರೆ ಮಿಸುಕುತ್ತಿತ್ತಾ?”

ರಾಮಪ್ರಸಾದ ತಡವರಿಸಿದ. “ಇಲ್ಲ... ಅಲುಗಾಡ್ತಾನೇ ಇರಲಿಲ್ಲ.”

“ಮತ್ತೆ ಕೈಚಳಕ ಅಂತ ಯಾಕಂದ್ರಿ?”

“ಅವಳು ಮುಟ್ಟಿದ್ರೆ ಹತ್ತುತ್ತಿತ್ತಲ್ಲ ಮೇಡಂ!”

“ಬಾಮ್ಮ ಅಂಜಿನಮ್ಮ. ಅವತ್ತು ಹೇಗೆ ಮುಟ್ಟಿದೆ, ತೋರಿಸು.”

ಅಂಜಿನಮ್ಮ ಕೈ ಕಟ್ಟಿಕೊಂಡೇ ನಿಂತಿದ್ದಳು. “ನಾ ಮುಟ್ಟಲ್ಲ ಮೇಡಂ. ಮುಟ್ಟಿ ಒಂದ್ಸಲ ಅನ್ನಿಸ್ಕೊಂಡಿದ್ದೇ ಸಾಕು.”

“ಆ ಮಾತು ತೊಳೆಯೋಕೇ ಕರೆದದ್ದು. ತೋರಿಸು.”

ಅವಳು ಹಿಂಜರಿಯುತ್ತ ಮುಂದೆ ಬಂದಳು. ಎಡ ಅಂಗೈಯಿಂದ ಮುಚ್ಚಳದ ಮುಂದಿನ ಅಂಚು ಹಿಡಿದು, ಬಲಗೈಯಿಂದ ಗುಂಡಿ ಒತ್ತಿದಳು. ಫ್ಯಾನು ಬುರ್ರೆಂದು ತಿರುಗಿತು. ಪರದೆಯಲ್ಲಿ ಹಸಿರು ಮೂಡಿತು.

“ಕಂಡ್ರಾ?” ಎಂದ ರಾಮಪ್ರಸಾದ.

“ಕಂಡೆ. ನಿಮಗೆ ಕಾಣಲಿಲ್ಲ,” ಎಂದರು ಸತ್ಯವತಿ. “ಅಂಜಿನಮ್ಮ, ಮುಚ್ಚಳ ಯಾಕೆ ಹಿಡಿದೆ?”

“ಗಡಗಡ ಅಂತಿತ್ತು ಮೇಡಂ. ಸರಿಯಾಗಿ ಕೂತಿಲ್ವೇನೋ ಅಂತ ಒಸಿ ಎತ್ತಿ ಹಿಡ್ಕೊಂಡೆ. ಅಷ್ಟೇಯ.”

“ಪಂಕಜಾ, ಬುಧವಾರ ಇಡೀ ದಿನ ಸರಿಯಾಗಿತ್ತು ಅಂದೆಯಲ್ಲ — ಆಗ ಮುಚ್ಚಳ ಎಲ್ಲಿತ್ತು?”

“ಗೋಡೆಗೆ ಒರಗಿಸಿಟ್ಟಿದ್ವಿ.” ಹೇಳುತ್ತಿದ್ದಂತೆಯೇ ಪಂಕಜಾಳಿಗೆ ಇನ್ನೊಂದು ನೆನಪಾಯಿತು. “ಮಂಗಳವಾರ ಬಿಚ್ಚಿ ನೋಡಿದಾಗಲೂ...”

“ಹತ್ತಿತ್ತು. ಮುಚ್ಚಿದ ಮೇಲೆ ಕೈಕೊಡ್ತು.” ಸತ್ಯವತಿಯವರು ಯಂತ್ರ ಆರಿಸಿ, ಪ್ಲಗ್ ಕಿತ್ತು, ಮುಚ್ಚಳ ತೆಗೆದರು. ಎಲ್ಲರ ಕಣ್ಣೂ ಅಭ್ಯಾಸದಂತೆ ಪೆಟ್ಟಿಗೆಯೊಳಕ್ಕೆ ಇಳಿಯಿತು. ಅವರು ಮಾತ್ರ ಮುಚ್ಚಳವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರು.

“ಇದೇ ನೀವೆಲ್ಲ ಮಾಡಿದ ತಪ್ಪು. ರೋಗ ಒಳಗಿದೆ ಅಂತ ಮುಚ್ಚಳ ತೆಗೆದು ಪಕ್ಕಕ್ಕಿಟ್ರಿ. ಅದರ ಜೊತೆ ರೋಗವೂ ಪಕ್ಕಕ್ಕೆ ಹೋಯ್ತು. ಎಲ್ಲರೂ ಒಳಗೇ ನೋಡಿದ್ರಿ. ಮುಚ್ಚಳವನ್ನ ಯಾರು ನೋಡಿದ್ರಿ?”

ಅವರು ಮುಚ್ಚಳದ ಒಳಮೈಗೆ ಬೆರಳಿಟ್ಟರು.

“ಇಲ್ನೋಡಿ. ಹಿತ್ತಾಳೆ ಫಲಕದ ಎರಡು ಸ್ಕ್ರೂ ಒಳಗಡೆ ಇಷ್ಟುದ್ದ ಚಾಚಿಕೊಂಡಿವೆ. ಇವುಗಳ ಕೆಳಗೆ ಏನಿದೆ ರಾಮಪ್ರಸಾದ್?”

ರಾಮಪ್ರಸಾದ ಬಗ್ಗಿ ನೋಡಿದ. ಅವನ ಮುಖ ಬಾಡಿತು. “ಪವರ್ ಸಪ್ಲೈಯಿಂದ ಬೋರ್ಡಿಗೆ ಹೋಗೋ ತಾಮ್ರದ ಪಟ್ಟಿ, ಮೇಡಂ.”

“ಮುಚ್ಚಳ ಕೂದಲೆಳೆಯಷ್ಟು ಆಚೀಚೆ ಆದ್ರೆ ಸ್ಕ್ರೂ ಅದಕ್ಕೆ ತಾಗುತ್ತೆ, ಇಲ್ಲದಿದ್ರೆ ಇಲ್ಲ. ಅದಕ್ಕೇ ಒಮ್ಮೆ ಹತ್ತೋದು, ಒಮ್ಮೆ ಇಲ್ಲ. ತಾಗಿದಾಗ ಶಾರ್ಟ್ ಆಗಿ, ಸಪ್ಲೈ ಎಚ್ಚರವಾಗಿ ತನ್ನನ್ನ ತಾನೇ ಆರಿಸ್ಕೊಳ್ಳುತ್ತೆ. ಆ ಮಿಸುಕಾಟ ಅದೇ — ಸತ್ತ ಯಂತ್ರ ಮಿಸುಕಲ್ಲ, ಹೆದರಿದ್ದು ಮಿಸುಕುತ್ತೆ. ಈ ಹುಡುಗಿ ಮುಚ್ಚಳ ಎತ್ತಿ ಹಿಡಿದಾಗ ಸ್ಕ್ರೂ ಮೇಲೆ ಬರ್ತಿತ್ತು. ಕೈಚಳಕ ಇಷ್ಟೇ.” ಅವರು ಸ್ಕ್ರೂವಿನ ತುದಿ ತೋರಿಸಿದರು. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕಪ್ಪು ಕಲೆ — ಕಿಡಿ ಹಾರಿದ ಗುರುತು. “ಈಗ ಹೇಳಿ. ಈ ಫಲಕ ಕೂರಿಸಿದವರು ಯಾರು?”

ರಾಮಪ್ರಸಾದ ನೆಲ ನೋಡಿದ. ಪಂಕಜಾ ಕೂಡ. ಪೂಜೆಯ ದಿನ ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿದ್ದರು.

“ನಾನೇ,” ಎಂದರು ದ್ವಾರಕಾನಾಥರು. “ನನ್ನ ಕೈಯಿಂದಲೇ ಕೂರಿಸ್ಬೇಕು ಅಂತ ಆಸೆ ಇತ್ತು. ಗಿಡ್ಡ ಸ್ಕ್ರೂ ಹಿಡೀಲಿಲ್ಲ. ಮುಹೂರ್ತ ಮೀರ್ತಿತ್ತು... ಡಬ್ಬಿಯಲ್ಲಿ ಉದ್ದದ್ದು ಸಿಕ್ತು, ಹಾಕ್ಬಿಟ್ಟೆ.”

“ಹಾಗಾದರೆ ಅಪರಾಧಿ ನೀವೇ, ದ್ವಾರಕಾನಾಥ್.” ಸತ್ಯವತಿಯವರ ಮಾತಿನಲ್ಲಿ ಗಡಸಿರಲಿಲ್ಲ. “ಸ್ಕ್ರೂ ಹಾಕಿದ್ದು ತಪ್ಪಲ್ಲ, ಅದು ಪ್ರೀತಿಯಿಂದ ಆದ ಎಡವಟ್ಟು. ಸ್ಕ್ರೂ ಹುಡುಕೋ ಮೊದಲು ತಪ್ಪಿತಸ್ಥರನ್ನ ಹುಡುಕಿದ್ರಲ್ಲ — ಅದು ತಪ್ಪು.”

ದ್ವಾರಕಾನಾಥರು ಅಂಜಿನಮ್ಮನ ಎದುರಿಗೆ ಬಂದು ನಿಂತರು. ಎಷ್ಟೋ ಜನರ ಮೇಲೆ ಅಧಿಕಾರ ನಡೆಸಿದ್ದ ಮನುಷ್ಯ. ಆಗ ಮಾತ್ರ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಕಂಡರು.

“ತಪ್ಪಾಯ್ತಮ್ಮ. ಎಲ್ಲರೆದುರಿಗೆ ಅಂದೆ, ಎಲ್ಲರೆದುರಿಗೇ ಹೇಳ್ತಿದ್ದೀನಿ. ನಾಳೆ ಅವರು ಬಂದಾಗ ನೀನೂ ಇರಬೇಕು.”

ಅಂಜಿನಮ್ಮ ತಲೆಯೆತ್ತಿ ಅವರನ್ನು ನೋಡಿದಳು.

“ಬತ್ತೀನಿ ಸಾರ್. ಆದ್ರೆ ನಂಗೆ ಯೋಳಿದ್ದನ್ನ ನಮ್ಮವ್ವಂಗೂ ಯೋಳ್ಬೇಕು. ಮಗಳು ಕೈಕೆಲಸ ಮಾಡಿ ಸಿಕ್ಕಾಕ್ಕೊಂಡ್ಳು ಅಂತ ಊರೆಲ್ಲ ಆಡ್ಕೊಂತದೆ. ಅವ್ವ ಅವತ್ತಿಂದ ಬಾವಿ ತಾವಕ್ಕೆ ಓಗಿಲ್ಲ.”

ದ್ವಾರಕಾನಾಥರು ಕನ್ನಡಕ ತೆಗೆದು ಒರೆಸಿಕೊಂಡರು. “ನಡಿ,” ಎಂದರು.

ಉದ್ದದ ಸ್ಕ್ರೂ ತೆಗೆದು ಗಿಡ್ಡದ್ದಕ್ಕೆ ವಾಷರ್ ಹಾಕಿ ಬಿಗಿಯುವ ಕೆಲಸ ರಾಮಪ್ರಸಾದನ ಪಾಲಿಗೆ ಬಂತು. ಸತ್ಯವತಿಯವರು ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಉಳಿದ ಮೂವರು ಹೊಸೂರು ರಸ್ತೆ ಹಿಡಿದು ಸಿಂಗಸಂದ್ರದ ಕಡೆ ನಡೆದರು. ದ್ವಾರಕಾನಾಥರು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುವವರಂತೆ, ತುಸು ಮುಂದೆ ಹೋಗುತ್ತಿದ್ದರು.

“ಅಂಜಿ, ಅವತ್ತು ನಾನೂ ಸುಮ್ಮನಿದ್ದೆ ಕಣೇ,” ಎಂದಳು ಪಂಕಜಾ.

“ಗೊತ್ತು ಅಕ್ಕ. ಅವರಂದಿದ್ದಕ್ಕಿಂತ ಅದೇ ಜಾಸ್ತಿ ನೋವಾಯ್ತು.”



ಮನೆಯ ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಅಂಜಿನಮ್ಮನ ಅವ್ವ ಕೃಷ್ಣಮ್ಮ ಮೊರ ಕೆಳಗಿಟ್ಟು ಎದ್ದು ನಿಂತರು. ಮಗಳ ಮುಖ ನೋಡಿದರು, ಹಿಂದೆ ನಿಂತ ದೊಡ್ಡವರನ್ನು ನೋಡಿದರು. ಸುದ್ದಿ ಮೂಸಿ ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದಿದ್ದರು.

ದ್ವಾರಕಾನಾಥರು ಅವರೆಲ್ಲರಿಗೂ ಕೇಳುವಂತೆ ಹೇಳಿದರು: “ತಾಯಿ, ಯಂತ್ರ ಕೆಡಿಸಿದ್ದು ನಾನು. ಸುಮ್ಮನೆ ನಿಮ್ಮ ಮಗಳ ಮೇಲೆ ಹೊರಿಸಿದೆ. ಅವಳದೇನೂ ತಪ್ಪಿಲ್ಲ.”

ಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬಾಗಿಲಲ್ಲಿ ನಿಂತ ಹೆಂಗಸರ ಕಡೆ ತಿರುಗಿ, “ಕೇಳಿಸ್ತೇನ್ರೇ ಎಲ್ಲಾರ್ಗೂ?” ಎಂದು ಗಟ್ಟಿಯಾಗಿ ಕೇಳಿದರು.