ಕಿವಿಯಿಲ್ಲದ ಬಂಡಿ

“ಮತ್ತೆ ನಡುವೆ ಬಾಯಿ ಹಾಕಿದೆಯಾ? ಒಂದು ಕೆಲಸ ನೆಟ್ಟಗೆ ಮಾಡಲು ಬಿಡುವುದಿಲ್ಲ ನೀನು,” ಎಂದು ಸಾವಂತ್ರಿ ತನ್ನ ಎತ್ತು ಕೌಲನನ್ನು ಗದರಿದಳು.

ಇದು ಏಳು ಗುಡ್ಡಗಳಾಚೆಯ ರಾಜ್ಯದಲ್ಲಿ, ಎತ್ತುಗಳು ಮಾತಾಡುತ್ತಿದ್ದ ಕಾಲದಲ್ಲಿ ನಡೆದದ್ದು. ಕಲ್ಲುಗಣ್ಣನೆಂಬ ಮಾಂತ್ರಿಕ ಅಲ್ಲಿನ ಎತ್ತು ಕುದುರೆಗಳ ಕಾಲನ್ನೆಲ್ಲ ಕಲ್ಲು ಮಾಡಿದ್ದ. ಸಾವಂತ್ರಿಯ ಮಗಳು ಚಿಗರಿಯನ್ನು ಹೊತ್ತೊಯ್ದು ಕೋಟೆಯ ಬಾಗಿಲಿಗೆ ಕಟ್ಟಿದ್ದ. ಹುಣ್ಣಿಮೆಯೊಳಗೆ ಬಿಡಿಸದಿದ್ದರೆ ಅವಳೂ ಕಲ್ಲಾಗುವಳು. ಎಳೆಯುವವರಿಲ್ಲದ ಊರಲ್ಲಿ ಸಾವಂತ್ರಿ ತಾನೇ ಓಡುವ ಬಂಡಿ ಕಟ್ಟತೊಡಗಿದಳು.

ಮೊದಲ ದಿನ ಬೆಂಕಿಹಾವನ್ನು ಜೋಗುಳ ಹಾಡಿ ಮಲಗಿಸಿ, ಅದರ ಗುಹೆಯಿಂದ ಎಂಜಿನ್ ತಂದಳು. ಎಣ್ಣೆ ಕುಡಿದು, ಹೊಟ್ಟೆಯೊಳಗೇ ಉರಿಸಿ, ಬಲ ಕೊಡುವ ಗುಂಡಿಗೆ ಅದು.

“ನಿಲ್ಲಿಸುವುದು ಹೇಗೆ, ತಾಯಿ?” ಎಂದಿತು ಕೌಲ.

“ಇನ್ನೂ ಹೊರಟೇ ಇಲ್ಲ, ನಿನಗೆ ನಿಲ್ಲಿಸುವ ಚಿಂತೆ.”

ಎರಡನೆಯ ದಿನ ನೂರು ಹಲ್ಲಿನ ರಾಕ್ಷಸನನ್ನು ಒಗಟಿನಲ್ಲಿ ಸೋಲಿಸಿ ಗೇರುಗಳನ್ನು ತಂದಳು. ಏರಿಗೆ ಶಕ್ತಿ, ಬಯಲಿಗೆ ವೇಗ ಕೊಡುವ ಹಲ್ಲಿನ ಗಾಲಿಗಳು.

“ನಿಲ್ಲಿಸುವುದು ಹೇಗೆ, ತಾಯಿ?”

“ನಿನ್ನ ಕೊಂಬಿಗೆ ಕಟ್ಟಿ ನಿಲ್ಲಿಸುತ್ತೇನೆ, ಸುಮ್ಮನಿರು.”

ಮೂರನೆಯ ದಿನ ಸುಳಿಯ ತಳಕ್ಕೆ ಮುಳುಗಿ, ಬಂಡಿಯ ಮೂತಿ ತಿರುಗಿಸುವ ಸ್ಟೀರಿಂಗ್ ಚಕ್ರ ತಂದಳು. ಕೌಲ ಮತ್ತೆ ಅದನ್ನೇ ಕೇಳಿತು.

“ಹೋ ಅಂದರೆ ನಿಲ್ಲುತ್ತದೆ. ಹತ್ತು ವರ್ಷ ನೀನು ನಿಲ್ಲಲಿಲ್ಲವೇ?”

“ನನಗೆ ಕಿವಿ ಇತ್ತು, ತಾಯಿ. ಇದಕ್ಕೆಲ್ಲಿದೆ?”

ಆ ರಾಜ್ಯದಲ್ಲಿ ಬ್ರೇಕು ಎಂಬುದನ್ನು ಕಂಡವರೇ ಇರಲಿಲ್ಲ. ಬಾಯಿಮಾತಿಗೇ ಬಂಡಿಗಳೆಲ್ಲ ನಿಲ್ಲುತ್ತಿದ್ದವು. ಸಾವಂತ್ರಿ ಎಂಜಿನ್ನಿಗೆ ಎಣ್ಣೆ ಹೊಯ್ದು ಹೊರಡಲು ಅಣಿಯಾದಳು.

“ಮಗುವಿನ ಮುಖ ನೋಡಬೇಕು, ನನ್ನನ್ನೂ ಹೇರಿಕೋ,” ಎಂದಿತು ಕೌಲ. ಊರವರು ಅದನ್ನು ಬಂಡಿಯ ಹಿಂದೆ ಹತ್ತಿಸಿ, ಹಗ್ಗದಿಂದ ಅಚ್ಚಿಗೆ ಬಿಗಿದರು.

ಬಂಡಿ ಗುಡ್ಡ ಏರಿತು, ಇಳಿಜಾರಿಗೆ ಬಿತ್ತು. ಕೆಳಗೆ ಕೋಟೆಯ ಮುಂದೆ ಕಲ್ಲುಗಣ್ಣ, ಅವನ ಹಿಂದೆಯೇ ಬಾಗಿಲಿಗೆ ಕಟ್ಟಿದ್ದ ಚಿಗರಿ.

“ಹೋ,” ಎಂದಳು ಸಾವಂತ್ರಿ. ಬಂಡಿ ಓಡಿತು. “ಹೋ, ಹೋ,” ಎಂದಳು. ಇನ್ನೂ ಜೋರಾಗಿ ಓಡಿತು. ಹಿಂದಿನಿಂದ ಕೌಲ ಏನೋ ಹೇಳಿತು. ಅವಳು ಕೂಗುತ್ತಲೇ ಇದ್ದಳು.

ಆಗ ಕೌಲ ತಾನಾಗಿಯೇ ಕೆಳಕ್ಕೆ ಉರುಳಿತು. ಹಗ್ಗ ಬಿಗಿಯಿತು, ಕಲ್ಲಿನ ಕಾಲುಗಳು ನೆಲ ಸೀಳಿದವು. ಬಂಡಿ ಮಾಂತ್ರಿಕನನ್ನು ಕೆಡವಿ, ಮಗುವಿಗೆ ಒಂದು ಗೇಣು ಈಚೆ ನಿಂತಿತು.

ಕಲ್ಲುಗಣ್ಣ ಪುಡಿಯಾದ. ರಾಜ್ಯದ ಕಾಲುಗಳಿಗೆಲ್ಲ ಜೀವ ಬಂತು. ಇಳಿಜಾರಿನಲ್ಲಿ ಚೂರಾಗಿ ಬಿದ್ದಿದ್ದ ಕೌಲನ ನಾಲ್ಕಕ್ಕೆ ಮಾತ್ರ ಬರಲಿಲ್ಲ.

ಆಮೇಲೆ ರಾಜ್ಯವೆಲ್ಲ ಸುಖವಾಗಿತ್ತು. ಸಾವಂತ್ರಿ ಊರೂರಿಗೆ ಬಂಡಿ ಕಟ್ಟಿದಳು. ಮೊದಲು ಬ್ರೇಕು, ಆಮೇಲೆ ಎಂಜಿನ್. ಒಂದು ದಿನ ಪಕ್ಕದಲ್ಲಿ ಕೂತಿದ್ದ ಚಿಗರಿ ಕೇಳಿದಳು:

“ಅವ್ವಾ, ಬೀಳುವ ಮುಂಚೆ ಕೌಲ ನಿನಗೆ ಏನು ಹೇಳಿತು?”