ಗೋಡೆ ಬಿಡದ ಸಾಕೆಟ್

ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಪ್ರಸನ್ನಕುಮಾರನ ಮೊಣಕೈ ಮಾತ್ರ ಇತ್ತು. ನಡುವೆ ಗುರುಬಸವರಾಜ್ ನಿಂತಿದ್ದ. ಹೆಗಲ ಮೇಲೆ ಶಾಲು, ಕೈಯಲ್ಲಿ ಬಿಳಿ ಸಾಕೆಟ್. ಕೆಳಗೆ ದಪ್ಪ ಅಕ್ಷರದಲ್ಲಿ 'ಯಾರು ಬೇಕಾದರೂ ಕೂರಿಸಬಹುದಾದ ಸಾಕೆಟ್: ಚನ್ನಗಿರಿ ಉದ್ಯಮಿಯ ಆವಿಷ್ಕಾರ' ಎಂದಿತ್ತು. ನಲ್ಲೂರಿನ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತ ಪ್ರಸನ್ನ ಅದನ್ನು ಪೂರ್ತಿ ಓದಿದ, ಮತ್ತೊಮ್ಮೆ ಓದಿದ. ತನ್ನ ಹೆಸರು ಎಲ್ಲಿಯೂ ಇರಲಿಲ್ಲ. ಮೊಣಕೈ ತನ್ನದೇ ಎನ್ನಲು ಅಂಗಿಯ ಚೌಕುಳಿಯೊಂದೇ ಸಾಕ್ಷಿ. ಸಿಟ್ಟು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಒಳಗೆಲ್ಲ ಹಾಗೆ ಜೋಮು ಹಿಡಿದಿತ್ತು. ಕೈ ತೊಳೆದುಕೊಂಡು ಸ್ಕೂಟರ್ ಹತ್ತಿದ.

ಆ ಸಾಕೆಟ್ ಅವನದು. ಗುರುವಿನದು ಚನ್ನಗಿರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ, ಅಂಗಡಿಯ ಕೆಲಸಗಳಿಗೆಲ್ಲ ವೈರಿಂಗ್ ಮಾಡುವವನು ಪ್ರಸನ್ನ. ಐಟಿಐನಲ್ಲಿ ಒಂದೇ ಬೆಂಚು, ಆಮೇಲೆ ಒಂದೇ ಏಣಿ. ತಾಯಿಯಿಲ್ಲದ ಪ್ರಸನ್ನನಿಗೆ ಗುರುವಿನ ತಾಯಿ ಸರ್ವಮಂಗಳಮ್ಮ ಹಾಕಿದ ರೊಟ್ಟಿಗೆ ಲೆಕ್ಕವಿಲ್ಲ. ಒಂದು ದಿನ ಆಕೆ ಮಿಕ್ಸಿ ಹಾಕಲು ಹೋಗಿ, ಗೋಡೆಯಿಂದ ಕಿತ್ತುಬಂದು ಜೋತಾಡುತ್ತಿದ್ದ ಸಾಕೆಟ್ಟನ್ನು ಕೈಯಿಂದಲೇ ಒಳಕ್ಕೆ ಒತ್ತಿದಳು. ಜೀವ ಉಳಿಯಿತು. ಬಲಗೈಯ ನಡುಬೆರಳು ಸುಟ್ಟು ಕರಕಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದನ್ನು ಅರ್ಧಕ್ಕೆ ತೆಗೆದರು. ಬ್ಯಾಂಡೇಜ್ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಗೋಡೆ ಬಿಡದಂಥ ಸಾಕೆಟ್ ಒಂದು ಮಾಡಾಕೆ ಆಗಲ್ಲೇನ್ರೋ ನಿಮಗೆ? ಇಷ್ಟು ಓದಿ ಏನ್ ಬಂತು?" ಎಂದು ಇಬ್ಬರನ್ನೂ ಸೇರಿಸಿ ಬೈದಿದ್ದಳು. ಗುರು ನಕ್ಕ. ಪ್ರಸನ್ನ ಕೂತು ಮಾಡಿದ.

ಮಾಡಲು ವರ್ಷಗಳೇ ಹಿಡಿದವು. ಗುರುವಿನ ಮನೆಯ ಹಿತ್ತಲಿನ ವರ್ಕ್‌ಶಾಪಿನಲ್ಲಿ, ಹಳೆಯ ಕಬ್ಬಿಣದ ಡ್ರಿಲ್ಲಿಂಗ್ ಮಷೀನಿನ ಎದುರು, ಅಚ್ಚಿನ ಮೇಲೆ ಅಚ್ಚು ಹಾಳು ಮಾಡಿದ. ಕೊನೆಗೆ ಕೂಡಿಬಂದದ್ದು ಸರಳವಾದ ಉಪಾಯ. ಒಂದು ತಟ್ಟೆ, ಅದು ಗೋಡೆಗೆ. ತಂತಿಗಳೆಲ್ಲ ಬಂದು ತಟ್ಟೆಗೇ ಮುಗಿಯುತ್ತವೆ. ಅದನ್ನು ಒಮ್ಮೆ ಕೂರಿಸಿದರೆ ಮತ್ತೆ ಯಾರೂ ಮುಟ್ಟಬೇಕಿಲ್ಲ. ಪ್ಲಗ್ಗು ಚುಚ್ಚುವ ಮುಖ ಬೇರೆ. ಅದನ್ನು ತಟ್ಟೆಯ ಮೇಲಿಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಕೂರುತ್ತದೆ. ಕೆಟ್ಟರೆ ಕಿತ್ತು ಬೇರೆಯದನ್ನು ಒತ್ತುವುದು, ಅಷ್ಟೇ. ಸ್ಕ್ರೂ ಬೇಡ, ಟೆಸ್ಟರ್ ಬೇಡ, ಪ್ರಸನ್ನನೂ ಬೇಡ. ಹೊನ್ನಾಳಿ, ನ್ಯಾಮತಿ ಕಡೆಯ ಹೊಸ ಮನೆಗಳಿಗೆ ಹಾಕಿಕೊಟ್ಟರು. ಜಗಳೂರಿನಲ್ಲೊಬ್ಬ ಅಜ್ಜಿ ತಾನೇ ಬದಲಾಯಿಸಿ ತೋರಿಸಿ ಚಪ್ಪಾಳೆ ತಟ್ಟಿಸಿಕೊಂಡಳು. ಗುರು ಅದಕ್ಕೆ 'ಸರ್ವಮಂಗಳ' ಎಂದು ಹೆಸರಿಟ್ಟ. ಅಲ್ಲಿಯವರೆಗೂ ಎಲ್ಲ ಸರಿಯಿತ್ತು. ಆಮೇಲೆ ವಿನ್ಯಾಸವನ್ನು ತನ್ನೊಬ್ಬನ ಹೆಸರಿಗೆ ನೋಂದಾಯಿಸಿಕೊಂಡ.

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಗುವುದು ಹೊಸದೇನಲ್ಲ. ಆದರೂ ಪ್ರಸನ್ನ ಒಂದು ಮಾತು ಕೇಳಿದ್ದ.

"ಕಂಪನಿಯೋರು ಒಂದೇ ಹೆಸ್ರು ಕೇಳ್ತಾರೆ ಕಣೋ," ಎಂದಿದ್ದ ಗುರು. "ನೀನು ಕೈ, ನಾನು ಬಾಯಿ. ಬಾಯಿ ಇಲ್ದೆ ಊಟ ಆಗತ್ತೇನು? ಅಲ್ದೆ ಅವ್ವನ ಹೆಸ್ರು ಐತಲ್ಲ ಅದರ ಮ್ಯಾಲೆ, ನಿಂಗೂ ಅವ್ವ ಅಲ್ಲೇನು ಆಕಿ?"

ದೀಪಾವಳಿ ಕಳೆದ ಮೇಲೆ, ಸಾಕೆಟ್ ತಯಾರಿಸಲು ಒಪ್ಪಿದ್ದ ಕಂಪನಿಯವರು ಬಂದು ರುಜು ಹಾಕಿಸಿಕೊಳ್ಳುವವರಿದ್ದರು. ಆಮೇಲೆ ಆ ಸಾಕೆಟ್ ಯಾವ ಊರಿನ ಯಾವ ಗೋಡೆ ಏರಿದರೂ ಗುರುವಿನದೇ. ಅದಕ್ಕೆ ಮುಂಚೆ ಗುರು ಇಲ್ಲವಾದರೆ, ಅವನ ಹೆಂಡತಿ ಹೇಮಾವತಿಗೆ ಇದರ ತಲೆಬುಡ ತಿಳಿಯದು. "ನೀವೇ ನೋಡ್ಕೊಳ್ರಿ ಪ್ರಸನ್ನಣ್ಣ" ಎನ್ನುತ್ತಾಳೆ. ತನ್ನ ಹೆಸರು ತನ್ನ ಕೈಗೆ ಬರುತ್ತದೆ. ಹೀಗೆ ಯೋಚಿಸುವಾಗಲೂ ಅವನ ಎದೆ ಹೊಡೆದುಕೊಳ್ಳಲಿಲ್ಲ. ಮನೆಯೊಂದಕ್ಕೆ ಎಲ್ಲೆಲ್ಲಿ ಪಾಯಿಂಟ್ ಬೇಕೆಂದು ಗುರುತು ಹಾಕುವಾಗ ಇದ್ದಷ್ಟೇ ತಣ್ಣಗಿದ್ದ.

ಉಪಾಯ ಹೊಳೆದದ್ದು ಆಯುಧ ಪೂಜೆಯ ನೆನಪಿನಿಂದ. ಆ ದಿನ ವರ್ಕ್‌ಶಾಪಿನ ಮಷೀನುಗಳಿಗೆ ರಜೆ, ಯಾರೂ ಸ್ವಿಚ್ ಮುಟ್ಟುವುದಿಲ್ಲ. ಮರುದಿನ ವಿಜಯದಶಮಿಯ ಬೆಳಿಗ್ಗೆ ಗುರು ತಲೆಗೆ ಎರೆದುಕೊಂಡು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಸ್ವಿಚ್ ಹಾಕಿ, ಎರಡೂ ಕೈಯಿಂದ ಡ್ರಿಲ್ಲಿಂಗ್ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಅವನ ಅಪ್ಪ ಹಾಗೆ ಮಾಡುತ್ತಿದ್ದರು, ಇವನೂ ಮಾಡುತ್ತಾನೆ. ಅವನಿಗಿಂತ ಮುಂಚೆ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಕೊಲ್ಲಬೇಕೆನ್ನುವವನಿಗೆ ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡನ್ನು ದೇವರೇ ಬಂದರೂ ಮಾಡಿಕೊಡಲಾರ.

ಮಷೀನಿನ ವೈರು ಸವೆದಿತ್ತು. ಸವೆದ ವೈರು ಕೊಲ್ಲಬಹುದು, ಕೊಲ್ಲದೆಯೂ ಇರಬಹುದು. ಪ್ರಸನ್ನನಿಗೆ ಆ 'ಬಹುದು' ಹಿಡಿಸಲಿಲ್ಲ. ತನ್ನ ಮನೆಯಲ್ಲಿ ಕೂತು ಒಂದು ಮುಖವನ್ನು ಬಿಚ್ಚಿ, ಒಳಗೆ ಇರಬೇಕಾದದ್ದನ್ನು ಇರಬಾರದ ಜಾಗದಲ್ಲಿ ಕೂರಿಸಿದ. ಹೊರಗಿನಿಂದ ಅಣ್ಣತಮ್ಮಂದಿರಂತೆ ಒಂದೇ ರೂಪ. ಮಷೀನಿನ ಸಾಕೆಟ್ಟಿನ ತಟ್ಟೆಗೆ ಇದನ್ನು ಒತ್ತಿ ಬರುವುದು. ಕೆಲಸ ಮುಗಿದ ಮೇಲೆ ಕಿತ್ತು ಒಳ್ಳೆಯದನ್ನು ಒತ್ತುವುದು. ತಪ್ಪೆಲ್ಲ ಸವೆದ ವೈರಿನ ತಲೆಗೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುತ್ತಾರೆ. ಇಲ್ಲಿ ಹಾವು ಸಾಯುತ್ತಿತ್ತು, ಕೋಲು ಮುರಿಯುತ್ತಿರಲಿಲ್ಲ.

ಒಂದು ತೊಡಕು ಅವನಿಗೆ ಸ್ಕೂಟರ್ ಮೇಲೆ, ಕೆರೆಬಿಳಚಿ ದಾಟುವಾಗ ಹೊಳೆಯಿತು. ಪೂಜೆಯ ದಿನ ಅವ್ವ ಮನೆಯ ಸುತ್ತ ಓಡಾಡಿ ಮಷೀನು, ಮೀಟರು, ಸ್ವಿಚ್ ಬೋರ್ಡು, ಸಾಕೆಟ್ಟು ಎಲ್ಲಕ್ಕೂ ವಿಭೂತಿ ಹಚ್ಚುತ್ತಾಳೆ. ಗಂಡ ಹೋದ ಮೇಲೆ ಕುಂಕುಮದ ಬಟ್ಟಲನ್ನು ಸೊಸೆಗೆ ಬಿಟ್ಟು, ವಿಭೂತಿಯ ಬಟ್ಟಲೊಂದನ್ನು ತನ್ನಲ್ಲೇ ಇಟ್ಟುಕೊಂಡಿದ್ದಳು. ಅಂದರೆ ಕೆಟ್ಟ ಮುಖಕ್ಕೆ ವಿಭೂತಿ ಬೀಳುತ್ತದೆ. ಆಮೇಲೆ ತಾನು ಕೂರಿಸುವ ಒಳ್ಳೆಯ ಮುಖ ಬೋಳು ಹಣೆಯಂತೆ ಎದ್ದು ಕಾಣುತ್ತದೆ. ಬೇರೆಯವನಾಗಿದ್ದರೆ ಇಲ್ಲಿ ಮುಗ್ಗರಿಸುತ್ತಿದ್ದ. ಸ್ಕೂಟರ್ ನಿಲ್ಲಿಸಿ ಅವನು ಮೊದಲ ಸಲ, ಒಬ್ಬನೇ, ಸಣ್ಣಗೆ ನಕ್ಕ.

ಪೂಜೆಯ ಹಿಂದಿನ ಮಧ್ಯಾಹ್ನ ವರ್ಕ್‌ಶಾಪ್ ತೊಳೆಯಲು ತಾನೇ ನಿಂತ. ಗುರು ಚೆಂಡು ಹೂವು ತರಲು ಹೋಗಿದ್ದ. ಮಷೀನಿನ ಬೆಂಚಿನ ಹಿಂದಿನ ಸಾಕೆಟ್ಟಿನಿಂದ ಒಳ್ಳೆಯ ಮುಖವನ್ನು ಕಿತ್ತು ಜೇಬಿಗಿಳಿಸಿ, ಕೆಟ್ಟದ್ದನ್ನು ಇಟ್ಟು ಒತ್ತಿದ. ಟಕ್. ತಾನೇ ಕೆತ್ತಿದ ಅಚ್ಚು; ಆ ಸದ್ದು ಅವನಿಗೆ ಇಷ್ಟ.

ಮರುದಿನ ಪೂಜೆಗೂ ಹೋದ. ಬಾಳೆಕಂದು, ಬೂದಗುಂಬಳ, ಊದುಬತ್ತಿಯ ಹೊಗೆ. ಎಲ್ಲರೂ ಕೇಳುವಂತೆ, "ಆ ಮಷೀನಿನ ವೈರು ಬದ್ಲಾಯ್ಸೋ ಮಾರಾಯ, ಸವೆದು ಹೋಗೈತೆ," ಎಂದ.

"ಹಬ್ಬ ಮುಗೀಲಿ ತಡಿ," ಎಂದ ಗುರು.

"ಹೋದ ವರ್ಷಾನೂ ಹಿಂಗೇ ಅಂದ್ರು ಇವ್ರು," ಎಂದಳು ಹೇಮಾವತಿ. ಸಾಕ್ಷಿ ತಾನಾಗಿಯೇ ಸಿದ್ಧವಾಯಿತು. ಅವ್ವ ಬೋರ್ಡುಗಳಿಗೆಲ್ಲ ಹಚ್ಚಿ ಮುಗಿಸಿ, ಬಟ್ಟಲು ಹಿಡಿದು ಅವನ ಎದುರು ಬಂದಳು. "ಬಾರಪ್ಪ, ಹಣೆ ಕೊಡು. ಮಷೀನಿಗೆ ಹಚ್ಚಿ ಮನುಷ್ಯಾರನ್ನ ಬಿಡಾಕೆ ಆಗತ್ತಾ?" ಅವನು ಬಗ್ಗಿದ. ಒದ್ದೆ ವಿಭೂತಿಯ ತಂಪು ಹಣೆಯಲ್ಲಿ ಹರಿಯಿತು. ಅವಳ ಕೈಯ ಈ ತಂಪು ಚಿಕ್ಕಂದಿನಿಂದ ಗೊತ್ತಿದ್ದದ್ದು. ಈಗಲಾದರೂ ಏನಾದರೂ ಅನ್ನಿಸುತ್ತದೇನೋ ಎಂದು ನೋಡಿಕೊಂಡ. ಇಲ್ಲ. ಮಂಡಕ್ಕಿ ಪ್ರಸಾದ ಕಟ್ಟಿಸಿಕೊಂಡು ಹೊರಟ. ದಾರಿಯಲ್ಲಿ ಹೆಲ್ಮೆಟ್ ಹಣೆಯನ್ನು ಒರೆಸಿಬಿಟ್ಟಿತು.

ಮನೆಗೆ ಬಂದು ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರಿಗೆ ತೇಯ್ದು, ಮೂರು ಬೆರಳು ಅದ್ದಿ, ಒಳ್ಳೆಯ ಮುಖದ ಮೇಲೆ ಎಳೆದ. ಗೆರೆಗಳು ಸಮನಾಗಿ ಬಂದವು. ಅವನ ಕೆಲಸವೇ ಹಾಗೆ, ಓರೆಕೋರೆ ಇರುವುದಿಲ್ಲ. ಒಣಗಿದ ಮೇಲೆ ಕರವಸ್ತ್ರದಲ್ಲಿ ಸುತ್ತಿಟ್ಟ. ಮಲಗಿದ ಕೂಡಲೇ ನಿದ್ದೆ ಬಂತು.

ಬೆಳಿಗ್ಗೆ ಫೋನ್ ಹೇಮಾವತಿಯದು. ಬರೀ ಅಳು. ಅವನು ಹೋದಾಗ ಗುರುವನ್ನು ಒಣ ಕೋಲಿನಿಂದ ಬಿಡಿಸಿ ಆಸ್ಪತ್ರೆಗೆ ಸಾಗಿಸಿಯಾಗಿತ್ತು, ಸಾಗಿಸಿ ಪ್ರಯೋಜನವಿರಲಿಲ್ಲ. ಬೀದಿಯ ಜನ ವರ್ಕ್‌ಶಾಪಿನ ಬಾಗಿಲಲ್ಲಿ ಗುಂಪುಗೂಡಿ, ಒಳಗೆ ಕಾಲಿಡಲು ಹೆದರಿ ನಿಂತಿದ್ದರು.

"ಯಾರೂ ಒಳಗೆ ಬರಬ್ಯಾಡ್ರಿ, ಕರೆಂಟ್ ಇನ್ನೂ ಐತೆ," ಎಂದ ಪ್ರಸನ್ನ. ಎಲ್ಲರೂ ಹಿಂದೆ ಸರಿದರು. ಇಂಥ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ ಮಾತೇ ವೇದವಾಕ್ಯ. ಮೇನ್ ತೆಗೆದ. ಕೋಣೆ ಕತ್ತಲಾಯಿತು. ಬೆಂಚಿನ ಹಿಂದೆ ಬಗ್ಗಿ ಗೋಡೆ ತಡವಿದ. ಮುಖದ ಮೇಲೆ ಬಿಳಿ ಮಸುಕಾಗಿ ಕಂಡಿತು, ಅಷ್ಟು ಸಾಕಾಯಿತು. ಕಿತ್ತ, ಕರವಸ್ತ್ರದೊಳಗಿನದನ್ನು ಇಟ್ಟ, ಒತ್ತಿದ. ಟಕ್. ಕಿತ್ತದ್ದನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಬೀಗ ಒತ್ತಿದ. ಸಂಜೆ ಬಸವಾಪಟ್ಟಣದ ಕಡೆ ಹೋಗುವಾಗ ಸೂಳೆಕೆರೆಗೆ ಎಸೆದರಾಯಿತು. ಆ ಕೆರೆ ಇದಕ್ಕಿಂತ ದೊಡ್ಡ ಗುಟ್ಟುಗಳನ್ನು ನುಂಗಿ ಸುಮ್ಮನೆ ಕೂತಿದೆ.

ಸಬ್ ಇನ್‌ಸ್ಪೆಕ್ಟರ್ ಚೈತ್ರಶ್ರೀ ಬಂದಳು, ಇನ್ನೂ ಹೊಸಬಳು, ಮಾತು ಕಡಿಮೆ. ಮಷೀನು, ವೈರು, ಸಾಕೆಟ್ಟು ಎಲ್ಲದರ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡಳು. ವಿದ್ಯುತ್ ಇಲಾಖೆಯವರು ಪರೀಕ್ಷಿಸಿ, ಸಾಕೆಟ್ ಸರಿಯಿದೆ, ವೈರು ಸವೆದಿದೆ ಎಂದರು.

"ಇವ್ರನ್ನ ಸಾಗಿಸಿದ ಮೇಲೆ ಒಳಗೆ ಯಾರ್ಯಾರು ಹೋಗಿದ್ರಿ?" ಎಂದು ಕೇಳಿದಳು ಚೈತ್ರಶ್ರೀ.

"ಪ್ರಸನ್ನಣ್ಣ ಒಬ್ರೇ," ಎಂದಳು ಹೇಮಾವತಿ. "ಅವ್ರು ಇಲ್ದಿದ್ರೆ ಇನ್ನೊಂದು ಹೆಣ ಬೀಳ್ತಿತ್ತು ಮೇಡಮ್. ವೈರು ಬದ್ಲಾಯ್ಸು ಅಂತ ನಿನ್ನೆನೇ ಹೇಳಿದ್ರು." ಪ್ರಸನ್ನ ತಲೆ ತಗ್ಗಿಸಿದ. ನಟಿಸುವ ಅಗತ್ಯವೇ ಬೀಳಲಿಲ್ಲ. ಮರಗಟ್ಟಿದ ಮುಖವನ್ನು ಜನ ದುಃಖವೆಂದೇ ಓದಿಕೊಂಡರು.

ಮಧ್ಯಾಹ್ನ ಹೆಣ ಮನೆಗೆ ಬಂತು. ಪಡಸಾಲೆಯಲ್ಲಿ, ಸ್ವಿಚ್ ಬೋರ್ಡಿನ ಕೆಳಗೆ, ಗೋಡೆಗೆ ಆನಿಸಿ ಕೂರಿಸಿದರು. ಒಂದು ಪಕ್ಕ ಪ್ರಸನ್ನ ಭುಜ ಹಿಡಿದು ಕೂತ. ಇನ್ನೊಂದು ಪಕ್ಕದ ಬಾಗಿಲ ಬಳಿ ಚೈತ್ರಶ್ರೀ ಟೋಪಿ ತೆಗೆದು ನಿಂತಿದ್ದಳು, ಕೊನೆಯ ಒಂದು ರುಜು ಬಾಕಿ ಇತ್ತು. ಸರ್ವಮಂಗಳಮ್ಮನನ್ನು ಇಬ್ಬರು ಹೆಂಗಸರು ನಡೆಸಿಕೊಂಡು ಬಂದರು. ಬೆಳಗಿನಿಂದ ಆಕೆ ಒಂದು ಹನಿ ಅತ್ತಿರಲಿಲ್ಲ. "ಬಟ್ಟಲು ಕೊಡ್ರಿ," ಎಂದಳು. "ನನ್ನ ಮಗನಿಗೆ ಈಬತ್ತಿ ನಾನೇ ಹಚ್ತೀನಿ." ಇದೊಂದು ಮುಗಿದರೆ ಎಲ್ಲ ಮುಗಿದಂತೆ ಎಂದುಕೊಂಡ ಪ್ರಸನ್ನ.

ಅವಳು ಬಲಗೈ ಅದ್ದಿ ಮಗನ ಹಣೆಯ ಮೇಲೆ ಉದ್ದಕ್ಕೆ ಎಳೆದಳು. ಮೇಲೊಂದು ಗೆರೆ, ಕೆಳಗೊಂದು ಗೆರೆ, ನಡುವೆ ಬರೀ ಚರ್ಮ. ಚೈತ್ರಶ್ರೀ ಆ ಹಣೆಯನ್ನು ನೋಡಿದಳು. ತಲೆಯೆತ್ತಿ ಗೋಡೆಯ ಬೋರ್ಡನ್ನು ನೋಡಿದಳು, ಅಲ್ಲಿಯೂ ಎರಡು ಗೆರೆ, ನಡುವೆ ಖಾಲಿ. ಆಚೆ ಅಡುಗೆಮನೆಯ ಬಾಗಿಲ ಪಕ್ಕದ ಬೋರ್ಡಿನಲ್ಲಿಯೂ ಹಾಗೇ. ಮೊಬೈಲ್ ತೆಗೆದು ಬೆಳಗಿನ ಫೋಟೊ ಹುಡುಕಿ, ಬೆರಳಿನಿಂದ ಹಿಗ್ಗಿಸಿ, ಮುದುಕಿಯ ಪಕ್ಕ ಮಂಡಿಯೂರಿ ಕೂತು, "ಅಮ್ಮಾ, ವರ್ಕ್‌ಶಾಪಿನ ಸಾಕೆಟ್‌ಗೆ ಈಬತ್ತಿ ಹಚ್ಚಿದ್ದು ನೀವೇನಾ?" ಎಂದಳು. ಸರ್ವಮಂಗಳಮ್ಮ ಬಹಳ ಹೊತ್ತು ನೋಡಿದಳು. ಓರೆಕೋರೆಯಿಲ್ಲದ ಮೂರು ತುಂಬು ಗೆರೆಗಳು. "ಹಚ್ಚಿದ್ದು ನಾನೇ ತಾಯಿ. ಆದ್ರೆ ಇದು ನಾನು ಹಚ್ಚಿದ್ದಲ್ಲ," ಎಂದಳು. ಪ್ರಸನ್ನನ ಜೇಬಿನಲ್ಲಿ ಸ್ಕೂಟರಿನ ಕೀಲಿ ತೊಡೆಗೆ ಚುಚ್ಚಿತು. ಬೆಳಗಿನಿಂದ ಅವನಿಗೆ ತಟ್ಟಿದ ಮೊದಲ ನೋವು ಅದು. ಅವಳು ಬಲಗೈಯನ್ನು ಎಲ್ಲರ ಮುಂದೆ ಬಿಡಿಸಿ ಹಿಡಿದಳು. "ನಂಗೆ ನಡುವಿನ ಬೆರಳು ಎಲ್ಲೈತೆ? ಅದಕ್ಕೇ ಅಲ್ಲೇನಪ್ಪಾ ಪ್ರಸನ್ನ, ನೀನು ಆ ಸಾಕೆಟ್ ಮಾಡಿದ್ದು?"